ಮುಂಬೈ ಬಂದರಿನ ಬತೇರಿಗಳು: ಕಡಲಿಗೆ ಮುಖ, ಊರಿಗೆ ಬೆನ್ನು

ನಮ್ಮ ಕಡೆಯವರಿಗೆ 'ಬತೇರಿ' ಅನ್ನುವ ಮಾತು ಹೊಸದಲ್ಲ. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ಹೊಳೆಯ ದಂಡೆಗೆ ಕಪ್ಪು ಕಲ್ಲಿನ ಸುಲ್ತಾನ್ ಬತೇರಿ ಇದೆಯಲ್ಲ, ಅದನ್ನು 1784ರಲ್ಲಿ ಟಿಪ್ಪು ಕಟ್ಟಿಸಿದ್ದು ಶತ್ರುವಿನ ಯುದ್ಧನೌಕೆಗಳು ಹೊಳೆಯೊಳಕ್ಕೆ ನುಗ್ಗಬಾರದು ಅಂತ. ಯುರೋಪಿನವರ 'ಬ್ಯಾಟರಿ' ನಮ್ಮ ಬಾಯಲ್ಲಿ ಬತೇರಿ ಆಯಿತು. ಒಂದು ಕಡೆ ಸಾಲಾಗಿ ನಿಲ್ಲಿಸಿದ ತೋಪುಗಳ ಗುಂಪಿಗೆ ಆ ಹೆಸರು. ಟಾರ್ಚಿಗೆ ಹಾಕುವ ಬ್ಯಾಟರಿ ಕೂಡ ಈ ತೋಪಿನ ಸಾಲಿನಿಂದಲೇ ಹೆಸರು ಎರವಲು ಪಡೆದದ್ದು.

ನಾನು ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತು. ಅದರಲ್ಲಿ ಬಹುಪಾಲು ಕಳೆದದ್ದು ಫೋರ್ಟ್ ಭಾಗದ ಶಾಖೆಗಳಲ್ಲೇ. ಊರಿನಿಂದ ಬಂದ ನೆಂಟರೆಲ್ಲ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಫೋರ್ಟ್ ಫೋರ್ಟ್ ಅಂತೀರಲ್ಲ, ಕೋಟೆ ಎಲ್ಲಿದೆ ಮಾರಾಯ್ರೆ?" ಕೋಟೆ ಇಲ್ಲ, ಹೆಸರು ಮಾತ್ರ ಇದೆ. ಆದರೆ ಕೋಟೆಯ ಜೊತೆಗೆ ಬಂದ ತೋಪುಗಳ ಕತೆ ಕೆದಕಿದರೆ ಬಹಳ ಸ್ವಾರಸ್ಯ ಇದೆ. ಮುಂಬೈ ಬಂದರನ್ನು ಕಾಯಲು ಮುನ್ನೂರು ವರ್ಷಗಳಲ್ಲಿ ಸುರಿದ ಹಣಕ್ಕೆ ಲೆಕ್ಕವಿಲ್ಲ. ಹಾಗಿದ್ದರೂ ಈ ಬಂದರಿಗೆ ನಿಜವಾದ ಪೆಟ್ಟು ಬಿದ್ದಾಗಲೆಲ್ಲ ಅದು ಬಂದದ್ದು ತೋಪುಗಳು ನೋಡುತ್ತಿರದ ದಿಕ್ಕಿನಿಂದ. ಇವತ್ತು ಆ ಕತೆ ಹೇಳುತ್ತೇನೆ.

ಹತ್ತು ಪೌಂಡ್ ಬಾಡಿಗೆಯ ಊರು

1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸರು ಮುಂಬೈಯನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ವರದಕ್ಷಿಣೆಯಾಗಿ ಕೊಟ್ಟದ್ದು ಎಲ್ಲರಿಗೂ ಗೊತ್ತು. 1668ರಲ್ಲಿ ಅವನು ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ದಾಟಿಸಿದ. ನಮ್ಮ ವೃತ್ತಿಯವರಿಗೆ ಇದರಲ್ಲಿ ರುಚಿಸುವ ಭಾಗ ಬೇರೆ. ಅದೇ ಸಂದರ್ಭದಲ್ಲಿ ಕಂಪನಿ ರಾಜನಿಗೆ ಶೇಕಡ 6ರ ಬಡ್ಡಿಗೆ 50,000 ಪೌಂಡ್ ಸಾಲ ಕೊಟ್ಟಿತು! ಬಾಡಿಗೆ ನೆಪಕ್ಕೆ, ಅಸಲಿ ವ್ಯವಹಾರ ಸಾಲದ್ದು.

ಸಿಕ್ಕಿದ ಆಸ್ತಿಯನ್ನು ಕಾಯಬೇಕಲ್ಲ? 1669ರಲ್ಲಿ ಗವರ್ನರ್ ಆದ ಜೆರಾಲ್ಡ್ ಆಂಜಿಯರ್, ಪೋರ್ಚುಗೀಸರ ಹಳೆಯ ಮನೆಯ ಸುತ್ತ ಗೋಡೆ, ಕೊತ್ತಲ ಎಬ್ಬಿಸಿ ತೋಪು ಕೂರಿಸಿದ. ಅದೇ ಬಾಂಬೆ ಕ್ಯಾಸಲ್. 1673ರ ಫೆಬ್ರವರಿಯಲ್ಲಿ ಡಚ್ಚರ ರೈಕ್ಲಾಫ್ ಫಾನ್ ಹೂನ್ಸ್ ದೊಡ್ಡ ನೌಕಾಪಡೆಯೊಂದಿಗೆ ಮುಂಬೈ ಎದುರಿಗೆ ಬಂದು ನಿಂತ. ದ್ವೀಪದ ಸಿದ್ಧತೆ ನೋಡಿದ, ಲೆಕ್ಕ ಹಾಕಿದ, ಕೈಹಾಕದೆ ಹೊರಟುಹೋದ. ಬತೇರಿಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ. ಬಂದವನು "ಇದು ಗಿಟ್ಟುವ ವ್ಯಾಪಾರವಲ್ಲ" ಅಂದುಕೊಂಡು ವಾಪಸ್ ಹೋಗಬೇಕು, ಅಷ್ಟೇ.

ಹದಿನಾರು ವರ್ಷ ಕಳೆಯಿತು. ಕಂಪನಿಯ ಸರ್ ಜಾನ್ ಚೈಲ್ಡ್ ಮೊಗಲರ ಹಡಗುಗಳನ್ನು ಹಿಡಿದು ಔರಂಗಜೇಬನನ್ನು ಕೆಣಕಿದ. 1689ರಲ್ಲಿ ಜಂಜಿರಾದ ಸಿದ್ದಿ ಯಾಕೂತ್ ಖಾನ್ ಮೊಗಲರ ಪರವಾಗಿ ದಂಡೆತ್ತಿ ಬಂದ. ಕ್ಯಾಸಲ್ ಎದುರಿನ ನೀರಿನಲ್ಲಿ ಬಂದು ತೋಪಿಗೆ ಎದೆಯೊಡ್ಡಲು ಅವನೇನು ದಡ್ಡನೇ? ದ್ವೀಪದ ಉತ್ತರದ ಪೂರ್ವ ದಂಡೆಯ ಶಿವಡಿಯಲ್ಲಿ ಇಳಿದ. ಅಲ್ಲಿದ್ದ ಸಣ್ಣ ಕಾವಲು ಕೋಟೆ ಸುಲಭವಾಗಿ ಬಿತ್ತು. ಅಲ್ಲಿಂದ ಮಝಗಾಂವ್. ಆಮೇಲೆ ಕ್ಯಾಸಲ್ ಪಕ್ಕದ ಡೋಂಗ್ರಿ ಗುಡ್ಡ ಹತ್ತಿ ಅಲ್ಲಿಂದ ಕ್ಯಾಸಲ್ ಮೇಲೆಯೇ ಗುಂಡು ಹಾರಿಸತೊಡಗಿದ. ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆ ನಡೆಯಿತು. ಕೊನೆಗೆ ಕಂಪನಿ ಔರಂಗಜೇಬನ ಕ್ಷಮೆ ಕೇಳಿ, ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತ ಮೇಲೆ 1690ರ ಜೂನ್‌ನಲ್ಲಿ ಸಿದ್ದಿ ಜಾಗ ಖಾಲಿ ಮಾಡಿದ. ಚೈಲ್ಡ್ ಅಷ್ಟರಲ್ಲಿ ತೀರಿಕೊಂಡಿದ್ದ.

ಪಾಠ ಕಲಿಯಲು ಕಂಪನಿಗೆ ಸಮಯ ಹಿಡಿಯಿತು. 1715ರ ನಂತರ ಗವರ್ನರ್ ಚಾರ್ಲ್ಸ್ ಬೂನ್ ಊರಿನ ಸುತ್ತ ಗೋಡೆ ಕಟ್ಟಿಸಿದ. ಅದಕ್ಕೆ ಅಪೊಲೊ, ಚರ್ಚ್, ಬಜಾರ್ ಎಂದು ಮೂರು ಬಾಗಿಲು. ಚರ್ಚ್‌ಗೇಟ್ ಸ್ಟೇಷನ್ ಹೆಸರು ಬಂದದ್ದು ಅಲ್ಲಿಂದ. 1739ರಲ್ಲಿ ಮರಾಠರು ವಸಾಯಿ ಗೆದ್ದಾಗ ಗಾಬರಿಯಾಗಿ ಗೋಡೆಯ ಹೊರಗೆ ಕಂದಕ ತೋಡಿದರು. ಊರಿನ ವರ್ತಕರೇ 30,000 ರೂಪಾಯಿ ವಂತಿಗೆ ಕೊಟ್ಟರು. 1769ರಲ್ಲಿ ಡೋಂಗ್ರಿ ಗುಡ್ಡವನ್ನೇ ಕಡಿದು ಸಮ ಮಾಡಿ ಅಲ್ಲಿ ಫೋರ್ಟ್ ಜಾರ್ಜ್ ಎದ್ದಿತು. ಸಿಎಸ್‌ಎಂಟಿ ಹಿಂದಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಅದರ ಒಂದು ತುಣುಕು ಈಗಲೂ ಇದೆ. ಸಿದ್ದಿ ಹತ್ತಿ ಗುಂಡು ಹೊಡೆದ ಗುಡ್ಡ ಮತ್ತೊಬ್ಬನಿಗೆ ಸಿಗಬಾರದು ಅಂತ ಎಂಬತ್ತು ವರ್ಷದ ಮೇಲೆ ಬಂದ ಬುದ್ಧಿ ಇದು.

ಮುಂಬೈಯಲ್ಲಿ ಉಳಿದವರಿಗೆ ಇನ್ನೊಂದು ಸಂಗತಿ ಇಷ್ಟವಾಗಬಹುದು. ಗೋಡೆಯ ಮೇಲಿನ ತೋಪಿನ ಗುಂಡಿಗೆ ಅಡ್ಡ ಇರಬಾರದು ಎಂದು ಕೋಟೆಯ ಹೊರಗಿದ್ದ ಮನೆ, ಮರ ಎಲ್ಲ ತೆರವು ಮಾಡಿಸಿದರು. ತೆಂಗಿನ ತೋಪು ಹೋಗಿ ಫಿರಂಗಿ ತೋಪಿಗೆ ದಾರಿಯಾಯಿತು! 1803ರಲ್ಲಿ ಕೋಟೆಯೊಳಗೆ ದೊಡ್ಡ ಬೆಂಕಿ ಬಿದ್ದ ಮೇಲೆ ಈ ಬಯಲು ಇನ್ನೂ ಹಿಗ್ಗಿತು. ಎಸ್‌ಪ್ಲನೇಡ್ ಎಂದು ಕರೆದ ಆ ಬಯಲಿನ ತುಂಡುಗಳೇ ಇಂದಿನ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್. ಸರ್ ಬಾರ್ಟಲ್ ಫ್ರೆರ್ 1860ರ ದಶಕದಲ್ಲಿ ಗೋಡೆ ಕೆಡವಿಸಿದ. ಗೋಡೆ ಹೋಯಿತು, ಬಯಲು ಉಳಿಯಿತು. ಭಾನುವಾರ ಬೆಳಿಗ್ಗೆ ಓವಲ್‌ನಲ್ಲಿ ಏಕಕಾಲಕ್ಕೆ ಅಷ್ಟೊಂದು ಕ್ರಿಕೆಟ್ ಪಂದ್ಯ ನಡೆಯುತ್ತವಲ್ಲ, ಆ ಹುಡುಗರು ಓಡುವುದು ಹಳೆಯ ತೋಪುಗಳ ಗುಂಡಿನ ಹಾದಿಯಲ್ಲಿ.

ಬಂಡೆಯ ಮೇಲೆ ತೋಪು, ನೀರಿನ ಮೇಲೆ ತೋಪು

ಗೋಡೆ ಕೆಡವಿದ್ದು ಧೈರ್ಯ ಬಂದಿತೆಂದಲ್ಲ. ಕಾವಲಿನ ಜಾಗ ಬದಲಾಯಿತು, ಅಷ್ಟೇ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಲ್ಯಾಂಕಾಶೈರ್ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿ ನಮ್ಮ ದೇಶದ ಹತ್ತಿಗೆ ಚಿನ್ನದ ಬೆಲೆ ಬಂತು. ನಮ್ಮ ಧಾರವಾಡ ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು. 'ಧಾರವಾಡ-ಅಮೆರಿಕನ್' ಎಂಬ ಹತ್ತಿಯ ತಳಿಗೆ ಹೊರದೇಶದಲ್ಲೂ ಹೆಸರಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಸಸೂನ್ ಡಾಕ್ 1875, ಪ್ರಿನ್ಸೆಸ್ ಡಾಕ್ 1880, ವಿಕ್ಟೋರಿಯಾ ಡಾಕ್ 1888. ಇಷ್ಟು ಸರಕು ಒಂದೇ ಬಂದರಿನಲ್ಲಿ ಬಿದ್ದಿರುವಾಗ ಬರೀ ಊರಿನ ಗೋಡೆ ಕಾದರೆ ಏನು ಬಂತು? ಬಂದರಿನ ಬಾಯನ್ನೇ ಕಾಯಬೇಕು.

ಕೊಲಾಬಾದ ತುದಿಗೂ ಆಚೆ ಅಲಿಬಾಗ್ ಕಡೆಯ ದಂಡೆಗೂ ನಡುವೆ ನೈಋತ್ಯಕ್ಕೆ ತೆರೆದ ಅಗಲ ಬಾಯಿ ಮುಂಬೈ ಬಂದರಿನದು. ಒಳಗೆ ಬಂದರೆ ಕೊಲಾಬಾದ ಪೂರ್ವಕ್ಕೆ ಆಯ್ಸ್ಟರ್ ರಾಕ್, ಗೇಟ್‌ವೇ ಎದುರಿಗೆ ಮಿಡಲ್ ಗ್ರೌಂಡ್, ಡಾಕ್‌ಗಳ ಪಕ್ಕದಲ್ಲಿ ಕ್ರಾಸ್ ಐಲ್ಯಾಂಡ್. ಈ ಮೂರು ಬಂಡೆಗಳಿಗೂ ಕೋಟೆ ಕಟ್ಟಿ ತೋಪು ಏರಿಸಿದರು. ಲಾಂಚಿನಲ್ಲಿ ಹೋಗುವಾಗ ನೀರಿನಿಂದ ಎದ್ದ ಕಲ್ಲಿನ ಗೋಡೆಯಂತೆ ಕಾಣುವುದು ಮಿಡಲ್ ಗ್ರೌಂಡ್. ಅದು ನೌಕಾಪಡೆಯ ವಶದಲ್ಲಿದೆ, ನಮಗೆ ಪ್ರವೇಶವಿಲ್ಲ.

ಬಂಡೆಗಳು ಸಾಲದೆಂದು ತೇಲುವ ಬತೇರಿಗಳೂ ಬಂದವು. 'ಮಗ್ದಾಲಾ' ಮತ್ತು 'ಅಬಿಸಿನಿಯಾ' ಎಂಬ ಎರಡು ಕಬ್ಬಿಣದ ಕವಚದ ಹಡಗುಗಳು, ಎರಡೂ ನೀರಿಗಿಳಿದದ್ದು 1870ರಲ್ಲಿ. 1868ರಲ್ಲಿ ಮುಂಬೈಯಿಂದಲೇ ಹೊರಟ ನೇಪಿಯರ್‌ನ ಸೈನ್ಯ ಅಬಿಸಿನಿಯಾದ ಮಗ್ದಾಲಾ ಕೋಟೆ ಗೆದ್ದಿತ್ತು, ಅದರ ನೆನಪಿಗೆ ಈ ಹೆಸರುಗಳು. ಮಗ್ದಾಲಾದಲ್ಲಿ ಎರಡು ತಿರುಗುವ ಗೋಪುರ, ನಾಲ್ಕು 10 ಇಂಚಿನ ತೋಪು, ಒಂದೊಂದು ತೋಪಿನ ತೂಕ 18 ಟನ್. ಬಾಯಿಯ ಕಡೆಯಿಂದ ಮದ್ದು-ಗುಂಡು ತುಂಬಬೇಕು, ಒಂದು ಗುಂಡಿನ ತೂಕ ಸುಮಾರು 180 ಕಿಲೋ. ಡೆಕ್ ಎಷ್ಟು ತಗ್ಗಿನಲ್ಲಿತ್ತೆಂದರೆ ದೊಡ್ಡ ಕಡಲಿನಲ್ಲಿ ಓಡಾಡುವ ಹಡಗೇ ಅಲ್ಲ ಅದು. ಇಂಗ್ಲೆಂಡಿನಿಂದ ಇಲ್ಲಿಗೆ ತರಲು ತಾತ್ಕಾಲಿಕವಾಗಿ ಮೂರು ಪಟಸ್ತಂಭ ನೆಡಬೇಕಾಯಿತು. ಬಂದದ್ದೇ ಬಂದದ್ದು, ಆಮೇಲೆ ಗುರಿ ಅಭ್ಯಾಸಕ್ಕೆ ಆಗೊಮ್ಮೆ ಈಗೊಮ್ಮೆ ಹೊರಗೆ ಹೋದದ್ದು ಬಿಟ್ಟರೆ ಬಂದರು ದಾಟಲಿಲ್ಲ. ಮೂವತ್ತು ವರ್ಷಗಳ ಕಾಲ ಶತ್ರುವಿನ ಮೇಲೆ ಒಂದು ಗುಂಡೂ ಹಾರಿಸದೆ 1903ರಲ್ಲಿ ಎರಡೂ ಗುಜರಿಗೆ ಹೋದವು. ಇವುಗಳ ಒಡಹುಟ್ಟಿನಂಥ 'ಸರ್ಬರಸ್' ಮಾತ್ರ ಮೆಲ್ಬರ್ನ್ ಬಳಿ ಅರೆಮುಳುಗಿ ಇನ್ನೂ ಕಾಣುತ್ತದೆ.

1885ರಲ್ಲಿ ಅಫ್ಘಾನಿಸ್ತಾನದ ಗಡಿಯ ಪಂಜ್‌ದೇಹ್‌ನಲ್ಲಿ ರಷ್ಯನ್ನರಿಗೂ ಅಫ್ಘನ್ನರಿಗೂ ಘರ್ಷಣೆಯಾಯಿತು. ರಷ್ಯಾದ ಹಡಗುಗಳು ಇವತ್ತು ಬರುತ್ತವೆ, ನಾಳೆ ಬರುತ್ತವೆ ಎಂಬ ಭಯ ಬ್ರಿಟಿಷರಿಗೆ. ಮುಂಬೈ, ಕರಾಚಿ, ಮದ್ರಾಸ್, ಕಲ್ಕತ್ತಾ ಎಲ್ಲ ಕಡೆ ಹೊಸ ಬತೇರಿಗಳಿಗೆ ಹಣ ಮಂಜೂರಾಯಿತು. ಎಲಿಫೆಂಟಾದ ಗುಹೆಗಳ ಮೇಲಿನ ಗುಡ್ಡದಲ್ಲಿ ಇರುವ ಎರಡು ದೊಡ್ಡ ತೋಪುಗಳು ಇದರ ಮುಂದಿನ ಕಂತು, 20ನೇ ಶತಮಾನದ ಆರಂಭದವು. ಹೆಚ್ಚಿನವರು ತ್ರಿಮೂರ್ತಿ ನೋಡಿ ಮೆಟ್ಟಿಲಿಳಿದು ಬಂದುಬಿಡುತ್ತಾರೆ. ಇನ್ನೊಂದು ಇಪ್ಪತ್ತು ನಿಮಿಷ ಮೇಲೆ ಹತ್ತಿದರೆ ತೋಪು ಇದೆ, ಅದರ ಕೆಳಗೆ ಮದ್ದು ಇಡುತ್ತಿದ್ದ ನೆಲದಡಿಯ ಕೋಣೆಗಳೂ ಇವೆ. ತೋಪಿನ ಮೇಲೆ ಈಗ ಪ್ರೇಮಿಗಳ ಹೆಸರು.

ಗುರಿ ಹಿಡಿಯುವ ಲೆಕ್ಕ

ಬಿಕಾಂ ಓದಿದವನಿಗೆ ತೋಪಿನ ಯಂತ್ರಶಾಸ್ತ್ರ ಏನು ತಿಳಿಯುತ್ತದೆ ಅಂತ ಕೇಳಬೇಡಿ. ಇದರೊಳಗಿನ ಲೆಕ್ಕ ಬಹಳ ಸೊಗಸಾಗಿದೆ. ಬತೇರಿಗಳನ್ನು ಗುಡ್ಡದ ಮೇಲೆ ಕೂರಿಸುತ್ತಿದ್ದದ್ದು ದೂರ ಕಾಣಲಿ ಎಂದಷ್ಟೇ ಅಲ್ಲ, ದೂರ ಅಳೆಯಲು ಎತ್ತರ ಬೇಕಿತ್ತು.

ನೀವು ಸಮುದ್ರಮಟ್ಟಕ್ಕಿಂತ 100 ಮೀಟರ್ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಹಡಗು ನೀರನ್ನು ಮುಟ್ಟುವ ಗೆರೆಗೆ ದುರ್ಬೀನು ಬಗ್ಗಿಸಿ ನೋಡಿದರೆ, 3 ಕಿಲೋಮೀಟರ್ ದೂರದ ಹಡಗಿಗೆ ಸುಮಾರು 1.9 ಡಿಗ್ರಿ ಬಗ್ಗಿಸಬೇಕು, 6 ಕಿಲೋಮೀಟರ್‌ಗಾದರೆ ಅದರ ಅರ್ಧ. ಎತ್ತರ ಗೊತ್ತು, ಕೋನ ಗೊತ್ತು, ದೂರ ತಾನಾಗಿ ಸಿಗುತ್ತದೆ. ಈ ತತ್ವದ ಮೇಲೆ ಬ್ರಿಟಿಷ್ ಸೈನ್ಯದ ವಾಟ್‌ಕಿನ್ ಎಂಬ ಅಧಿಕಾರಿ ಮಾಡಿದ ಉಪಕರಣ ಸಾಮ್ರಾಜ್ಯದ ಬಂದರುಗಳಿಗೆಲ್ಲ ಹೋಯಿತು. ಇದರಲ್ಲಿ ಒಂದು ತೊಡಕಿದೆ. ಸಮುದ್ರದ ಮಟ್ಟ ಒಂದೇ ಇರುವುದಿಲ್ಲವಲ್ಲ? ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗೂ ಹೆಚ್ಚು ವ್ಯತ್ಯಾಸ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 6 ಕಿಲೋಮೀಟರ್ ದೂರದಲ್ಲಿ ಇನ್ನೂರು ಮೀಟರಿಗೂ ಮಿಕ್ಕಿ ತಪ್ಪು, ಗುಂಡು ಹಡಗಿನ ಹತ್ತಿರವೂ ಬೀಳದು. ಆದ್ದರಿಂದ ಗುರಿ ಹಿಡಿಯುವವರ ಕೈಯಲ್ಲಿ ಭರತ-ಇಳಿತದ ಪಟ್ಟಿ ಇರಲೇಬೇಕು. ನಮ್ಮ ಕೋಳಿಗರು ಹುಟ್ಟಿನಿಂದ ಬಲ್ಲ ಲೆಕ್ಕವನ್ನು ಗೋರಾ ಸೋಲ್ಜರ್ ಕಾಗದ ನೋಡಿ ಮಾಡುತ್ತಿದ್ದ.

ಅಂದಿನ ಬ್ರಿಟಿಷ್ ಬಂದರುಗಳ ಬತೇರಿಗಳಲ್ಲಿ ಸಾಮಾನ್ಯವಾಗಿದ್ದ 6 ಇಂಚಿನ ತೋಪಿನ ಗುಂಡು 45 ಕಿಲೋ, 9.2 ಇಂಚಿನದು 172 ಕಿಲೋ. ರಾತ್ರಿಗೆ ಸರ್ಚ್‌ಲೈಟು. ಇಷ್ಟಿದ್ದರೆ ಯಾವ ಹಡಗು ತಾನೇ ಹತ್ತಿರ ಬರುತ್ತದೆ?

ಬರಲಿಲ್ಲ. ಎರಡು ಮಹಾಯುದ್ಧಗಳಲ್ಲೂ ಮುಂಬೈ ಬಂದರಿನ ಬಾಯಿಗೆ ಶತ್ರುವಿನ ಯುದ್ಧನೌಕೆ ಬರಲೇ ಇಲ್ಲ. ಮದ್ರಾಸಿನ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ 'ಎಮ್ಡನ್' ಅಲ್ಲಿ ಬಂದು ಅರ್ಧ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಗುಂಡು ಸಿಡಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಮಾಯವಾಯಿತು. ದಡದ ತೋಪುಗಳು ಉತ್ತರಿಸಿದವು, ಒಂದೂ ತಗಲಲಿಲ್ಲ. ತಮಿಳರ ಬಾಯಲ್ಲಿ 'ಎಮ್ಡನ್' ಅಂದರೆ ಇವತ್ತಿಗೂ ಪಕ್ಕಾ ಕಿಲಾಡಿ.

ಮುಂಬೈಗೆ ಬಂದ ಜರ್ಮನ್ ಹಡಗು ಇನ್ನೂ ಜಾಣತನದ್ದು. 'ವುಲ್ಫ್' ಎಂಬ ಅದು ಸರಕಿನ ಹಡಗಿನ ವೇಷದಲ್ಲಿತ್ತು. 1917ರ ಫೆಬ್ರವರಿಯಲ್ಲಿ ತೋಪುಗಳ ಕಣ್ಣಿಗೆ ಬೀಳದಷ್ಟು ದೂರದ ಕಡಲಿನಲ್ಲಿ ಮೈನುಗಳನ್ನು ಇಳಿಸಿ ಹೋಯಿತು. ನಾಲ್ಕು ತಿಂಗಳ ನಂತರ, ಜೂನ್ 23ರಂದು, ಪಿ ಅಂಡ್ ಓ ಕಂಪನಿಯ ಪ್ರಯಾಣಿಕರ ಹಡಗು 'ಮಂಗೋಲಿಯಾ' ಮುಂಬೈಗೆ ಇನ್ನೇನು ಬಂತು ಅನ್ನುವಾಗ ಆ ಮೈನಿಗೆ ಬಡಿದು ಮುಳುಗಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬತೇರಿಯವರು ಯಾರ ಮೇಲೆ ಗುಂಡು ಹಾರಿಸಬೇಕು? ಶತ್ರು ಹೋಗಿ ನಾಲ್ಕು ತಿಂಗಳಾಗಿತ್ತು.

1944: ಬೆಂಕಿ ಒಳಗಿನಿಂದ

ಅತಿ ದೊಡ್ಡ ಹೊಡೆತ ಬಿದ್ದದ್ದು ಎರಡನೆಯ ಮಹಾಯುದ್ಧದಲ್ಲಿ. 'ಫೋರ್ಟ್ ಸ್ಟೈಕಿನ್' ಎಂಬ ಹಡಗು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟು ಕರಾಚಿ ಮುಟ್ಟಿ 1944ರ ಏಪ್ರಿಲ್ 12ರಂದು ಮುಂಬೈಗೆ ಬಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿತು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ. ಕರಾಚಿಯಲ್ಲಿ ಅದರ ಜೊತೆಗೇ ತುಂಬಿದ್ದು 8,700 ಹತ್ತಿಯ ಬೇಲು, ಎಣ್ಣೆಯ ಪೀಪಾಯಿ, ಮರ, ಗಂಧಕ. ಮೇಲಿಂದ 31 ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿ, ಒಂದೊಂದು 12.7 ಕಿಲೋ. ಹತ್ತಿ ಮತ್ತು ಮದ್ದನ್ನು ಒಂದೇ ಹಡಗಿನಲ್ಲಿ ತುಂಬಬಾರದು ಎಂದು ತಿಳಿಯಲು ಸಮುದ್ರಶಾಸ್ತ್ರ ಓದಬೇಕಾಗಿಲ್ಲ. ಶಾಂತಿಕಾಲದಲ್ಲಿ ಸ್ಫೋಟಕದ ಹಡಗನ್ನು ಡಾಕಿನೊಳಗೆ ಬಿಡುತ್ತಿರಲಿಲ್ಲ, ದೂರದಲ್ಲೇ ನಿಲ್ಲಿಸಿ ದೋಣಿಗಳಲ್ಲಿ ಇಳಿಸುತ್ತಿದ್ದರು. ಯುದ್ಧದ ಅವಸರದಲ್ಲಿ ಆ ನಿಯಮ ಸಡಿಲವಾಯಿತು. ಅಪಾಯದ ಸರಕು ಇದೆ ಎಂದು ಹಾರಿಸಬೇಕಾದ ಕೆಂಪು ಬಾವುಟವೂ ಹಾರಿರಲಿಲ್ಲ.

ಏಪ್ರಿಲ್ 14ರ ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ತಿತು. ಎರಡು ಗಂಟೆ ಕಾಲ ನೀರು ಬಿಟ್ಟರೂ ಆರಲಿಲ್ಲ. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ. ಅರ್ಧ ಗಂಟೆ ಕಳೆದು ಅದಕ್ಕಿಂತ ದೊಡ್ಡದು ಇನ್ನೊಂದು. ದೂರದ ಶಿಮ್ಲಾದ ಭೂಕಂಪಮಾಪಕದಲ್ಲಿ ಮುಂಬೈಯ ನಡುಕ ದಾಖಲಾಯಿತು. ಅಕ್ಕಪಕ್ಕದ ಹತ್ತಾರು ಹಡಗು ನಾಶವಾದವು, ಗೋದಾಮುಗಳು ದಿನಗಟ್ಟಲೆ ಉರಿದವು. ಸತ್ತವರ ಸಂಖ್ಯೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಂಟುನೂರರಿಂದ ಸಾವಿರದ ಮುನ್ನೂರರವರೆಗೆ. ಅವರಲ್ಲಿ 66 ಜನ ಅಗ್ನಿಶಾಮಕ ದಳದವರು. ದೇಶಾದ್ಯಂತ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುವುದು ಇವರ ನೆನಪಿಗೆ. ಚಿನ್ನದ ಗಟ್ಟಿಯೊಂದು ಮೈಲಿ ದೂರದ ಮನೆಯ ಮಾಡು ತೂರಿ ಬಿದ್ದ ಕತೆಯನ್ನು ಎಲ್ಲರೂ ಬಾಯಿ ಚಪ್ಪರಿಸಿ ಹೇಳುತ್ತಾರೆ. ಡಾಕಿನ ಕೂಲಿಗಳ ಹೆಸರು ಯಾರೂ ಹೇಳುವುದಿಲ್ಲ.

ಊರಿನ ಜನ ಮೊದಲು ಅಂದುಕೊಂಡದ್ದು ಜಪಾನಿನವರು ಬಾಂಬು ಹಾಕಿದರು ಎಂದು. ಅದು ಸಹಜ. ಅಷ್ಟು ವರ್ಷ ಎಲ್ಲರೂ ಕಾಯುತ್ತಿದ್ದುದು ಹೊರಗಿನ ಶತ್ರುವನ್ನೇ. ಗುಡ್ಡದ ತೋಪುಗಳು ಅಂದೂ ತಮ್ಮ ಪಾಡಿಗೆ ಪಡುವಣ ಕಡಲು ನೋಡುತ್ತಿದ್ದವು.

ಎರಡೇ ವರ್ಷದಲ್ಲಿ, 1946ರ ಫೆಬ್ರವರಿಯಲ್ಲಿ, ನಾವಿಕರ ಬಂಡಾಯ. ಬಂದರಿನಲ್ಲಿದ್ದ ಹಡಗುಗಳ ತೋಪುಗಳು ಊರಿನ ಕಡೆ ತಿರುಗಿದವು. ಬ್ರಿಟಿಷ್ ಪಡೆಗಳ ಜೊತೆ ಗುಂಡಿನ ಕಾಳಗ ನಡೆದದ್ದು ಬಾಂಬೆ ಕ್ಯಾಸಲ್‌ನ ಬ್ಯಾರಕ್ಕುಗಳಿಂದಲೇ. 2008ರ ನವೆಂಬರ್ 26ರ ರಾತ್ರಿ ಹತ್ತು ಜನ ರಬ್ಬರ್ ದೋಣಿಯಲ್ಲಿ ಬಂದು ಇಳಿದದ್ದು ಕಫ್ ಪರೇಡ್‌ನ ಮೀನುಗಾರರ ಕಾಲೊನಿಯಲ್ಲಿ. 166 ಜನರ ಪ್ರಾಣ ಹೋಯಿತು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮ ಶಾಖೆಗಳ ಸುತ್ತಲಿನ ಬೀದಿಗಳವು. 2010ರ ಆಗಸ್ಟ್‌ನಲ್ಲಿ 'ಎಂಎಸ್‌ಸಿ ಚಿತ್ರಾ' ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಕಂಟೇನರುಗಳು ನೀರಿಗೆ ಬಿದ್ದು ಬಂದರಿನ ದಾರಿಯೇ ಕೆಲ ದಿನ ಬಂದ್. 2017ರ ಅಕ್ಟೋಬರ್‌ನಲ್ಲಿ ಬುಚರ್ ಐಲ್ಯಾಂಡಿನ ಡೀಸೆಲ್ ಟ್ಯಾಂಕಿಗೆ ಸಿಡಿಲು ಬಡಿದು ದಿನಗಟ್ಟಲೆ ಉರಿಯಿತು.

ಹಾಗಾದರೆ ದಂಡವೇ?

ಇಷ್ಟು ಓದಿದ ಮೇಲೆ "ಅಂದರೆ ಬತೇರಿಗಳಿಗೆ ಹಾಕಿದ ದುಡ್ಡೆಲ್ಲ ನೀರಿಗೆ ಹೋಮ" ಅನ್ನಿಸಬಹುದು. ನಾನು ಹಾಗೆ ಹೇಳಲಾರೆ. ವಿಮೆ ಕ್ಲೇಮು ಆಗಲಿಲ್ಲ ಅಂತ ಪ್ರೀಮಿಯಂ ದಂಡ ಅನ್ನುವುದು ಸರಿಯಲ್ಲ. ಫಾನ್ ಹೂನ್ಸ್ 1673ರಲ್ಲಿ ತಿರುಗಿ ಹೋದದ್ದು ತೋಪು ಇದ್ದುದಕ್ಕೇ. 'ವುಲ್ಫ್' ಒಳಗೆ ನುಗ್ಗದೆ ದೂರದಲ್ಲಿ ಮೈನು ಬಿಟ್ಟದ್ದೂ ತೋಪಿನ ಭಯಕ್ಕೇ. ಕಾವಲು ಕೆಲಸ ಮಾಡಿದ್ದರಿಂದಲೇ ಶತ್ರು ಬೇರೆ ದಾರಿ ಹುಡುಕಿದ. ಆದರೆ ಕಂತು ಕಟ್ಟಿದವರು ಪಾಲಿಸಿಯಲ್ಲಿ ಏನೇನು ಸೇರಿಲ್ಲ ಎಂಬ ಪುಟವನ್ನು ಓದಲಿಲ್ಲ. ತೋಪು ತಡೆಯುವುದು ತೋಪಿನ ಎದುರಿಗೆ ಬರುವವನನ್ನು ಮಾತ್ರ. ಹತ್ತಿಯ ಪಕ್ಕದಲ್ಲಿ ಮದ್ದು ತುಂಬಿದವನನ್ನು, ಬಾವುಟ ಹಾರಿಸದವನನ್ನು ಅದು ತಡೆಯಲಾರದು. ಅದಕ್ಕೆ ಬೇಕಾದದ್ದು ಒಬ್ಬ ಗುಮಾಸ್ತ, ಒಂದು ಸರಕುಪಟ್ಟಿ, "ಈ ಹಡಗು ಒಳಗೆ ಬರುವ ಹಾಗಿಲ್ಲ" ಎಂದು ಬರೆಯುವ ಧೈರ್ಯ.

ಬ್ಯಾಂಕಿನಲ್ಲೂ ಇದನ್ನು ನೋಡಿದ್ದೇನೆ. ಎಲ್ಲೋ ಒಂದು ವಂಚನೆ ನಡೆದರೆ ಮರುವಾರವೇ ಅದೇ ಬಗೆಯ ವಂಚನೆಗೆ ಬೀಗ ಹಾಕುವ ಸರ್ಕ್ಯುಲರ್ ಬರುತ್ತದೆ. ಬೀಗ ಗಟ್ಟಿಯಾಗಿಯೇ ಇರುತ್ತದೆ. ಮುಂದಿನ ವಂಚಕ ಕಿಟಕಿಯಿಂದ ಬರುತ್ತಾನೆ. ಹಾಗೆಂದು ಬಾಗಿಲಿನ ಬೀಗ ತೆಗೆಯುವುದುಂಟೇ? ಅದೂ ಇರಲಿ, ಕಿಟಕಿಯ ಕಡೆಗೂ ಒಬ್ಬರು ನೋಡುತ್ತಿರಲಿ.

ಅಂದ ಹಾಗೆ ಬಾಂಬೆ ಕ್ಯಾಸಲ್ ಈಗ ನೌಕಾಪಡೆಯ 'ಐಎನ್‌ಎಸ್ ಆಂಗ್ರೆ'. ಬಂದರಿನ ಬಾಯಿಯಾಚೆಯ ಖಾಂದೇರಿ ದ್ವೀಪದಿಂದ ಕಂಪನಿಯನ್ನು ಕಾಡಿದ ಕಾನ್ಹೋಜಿ ಆಂಗ್ರೆಯ ಹೆಸರೇ ಅದು. 1718ರಲ್ಲಿ ಬೂನ್ ಖಾಂದೇರಿಗೆ ಮುತ್ತಿಗೆ ಹಾಕಿ ಬರಿಗೈಯಲ್ಲಿ ವಾಪಸಾಗಿದ್ದ. ಆ ಖಾಂದೇರಿ 2025ರಲ್ಲಿ ಮರಾಠಾ ಕೋಟೆಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಯಾರನ್ನು ತಡೆಯಲು ಕ್ಯಾಸಲ್‌ನಲ್ಲಿ ತೋಪು ಇಟ್ಟರೋ ಅವನ ಹೆಸರೇ ಈಗ ಅದರ ಬಾಗಿಲ ಮೇಲಿದೆ.

ಮುಂದಿನ ಸಲ ಊರಿಂದ ಬಂದವರನ್ನು ಎಲಿಫೆಂಟಾಕ್ಕೆ ಕರೆದುಕೊಂಡು ಹೋದರೆ ಗುಹೆಗಳಿಗೇ ನಿಲ್ಲಿಸಬೇಡಿ, ತೋಪಿನ ಗುಡ್ಡಕ್ಕೂ ಹತ್ತಿಸಿ. ನೀರಿನ ಬಾಟಲಿ ಇರಲಿ, ಮಂಗಗಳಿವೆ ಹುಷಾರು. ತೋಪು ಯಾವ ಕಡೆ ಮುಖ ಮಾಡಿದೆ ನೋಡಿ. ಆಮೇಲೆ ಅದರ ಬೆನ್ನಿನ ಕಡೆಯ ಬಂದರನ್ನೂ ಒಂದು ಸಲ ತಿರುಗಿ ನೋಡಿ.